ಅಂಕಿತವಿಲ್ಲದ ಫರ್ಮಾನು

ಶಾದ್ಯಾನ, ಮುಹರ್ರಮ್ ೯, ಹಿಜರಿ ೫೦೩

ಖುಷ್ಕ್‌ರೂದಿನ ಮಾಹಕ್ ಬಾನುವಿಗೆ, ಅಂದರೆ ಕಿವಿ ಹಿಂಡಿ ನನಗೆ ಅಕ್ಷರ ಕಲಿಸಿದ ಅಕ್ಕನಿಗೆ, ತಮ್ಮ ಬೂ-ನಸ್ರ್ ಮಾಡುವ ಸಲಾಂ.

ಅಕ್ಕ, ಮೊದಲು ಕೂತುಕೋ, ಆಮೇಲೆ ಓದು. ನಮ್ಮ ಹೊಸ ಮಲಿಕರು ನನಗೊಂದು ಪುಸ್ತಕ ಬರೆಯಲು ಹೇಳಿದ್ದಾರೆ! ಹದಿನೈದು ವರ್ಷ ಈ ಅರಮನೆಯ ಬರಹಶಾಲೆಯಲ್ಲಿ ಬೇರೆಯವರ ಮಾತು ನಕಲು ಮಾಡಿ ಮಾಡಿ ಬೆನ್ನು ಬಾಗಿಸಿಕೊಂಡ ನಿನ್ನ ತಮ್ಮನಿಗೆ!

ಮೊನ್ನೆ ಮಲಿಕರು ತಾವಾಗಿಯೇ ಬರಹಶಾಲೆಗೆ ಬಂದರು. ಹತ್ತೊಂಬತ್ತರ ಪ್ರಾಯ. ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದೆ. ನಾವೆಲ್ಲ ಎದ್ದು ಗಡಬಡಿಸಿ ಶಾಯಿ ಚೆಲ್ಲಿದೆವು. ಅವರು ನಕ್ಕು ಹೇಳಿದರು: “ಅಪ್ಪ ಸಾಯೋವಾಗ ನಂಗೆ ಸಿಂಹಾಸನ ಬಿಟ್ಟುಹೋದ್ರು. ಅದ್ರ ಮೇಲೆ ಹ್ಯಾಗೆ ಕೂರ್ಬೇಕು ಅಂತ ಹೇಳ್ಲಿಲ್ಲ. ನೀವು ಬರೆದುಕೊಡಿ. ಯಾರದ್ದು ಚೆನ್ನಾಗಿರುತ್ತೋ ಅದನ್ನ ವಸಂತದ ಹೊಸವರ್ಷಕ್ಕೆ, ನೌರೋಜಿನ ದಿನ ಸಭೇಲಿ ಓದಿಸ್ತೀನಿ.”

ಮೂವರನ್ನು ಆರಿಸಿದ್ದಾರೆ. ಮೂವರಲ್ಲಿ ನಾನೊಬ್ಬ! ನಮ್ಮ ಮೇಲಿನ ಅಧಿಕಾರಿ ಖ್ವಾಜಾ ಮರ್ಜಬಾನ್ ಅವರಿಗೆ ಇದು ಅಷ್ಟಾಗಿ ಹಿಡಿಸಿದಂತಿಲ್ಲ, ಆದರೆ ಅವರಿಗೆ ಹಿಡಿಸುವುದು ಅವರ ಗಡ್ಡ ಒಂದೇ.

ದೊರೆಗೆ ಬುದ್ಧಿ ಹೇಳುವುದಕ್ಕೆ ಒಂದು ರೀತಿ ಇದೆ, ಗೊತ್ತಲ್ಲ. ‘ನೀವು ಮಾಡುತ್ತಿರುವುದು ತಪ್ಪು’ ಎಂದರೆ ಕತ್ತು ಹೋಗುತ್ತದೆ. ‘ಸಾವಿರ ವರ್ಷದ ಹಿಂದೆ ಒಬ್ಬ ಶಾಹ್ ಇದ್ದ, ಅವನು ಹೀಗೆ ಮಾಡಿದ, ಜನ ಇವತ್ತಿಗೂ ಅವನನ್ನು ಹರಸುತ್ತಾರೆ’ ಎಂದರೆ ರೇಷ್ಮೆ ನಿಲುವಂಗಿ ಸಿಗುತ್ತದೆ. ಸತ್ತ ದೊರೆಗಳ ಬಾಯಲ್ಲಿ ಏನನ್ನು ಬೇಕಾದರೂ ಹೇಳಿಸಬಹುದು. ಅವರು ಎದ್ದು ಬಂದು ಇಲ್ಲ ಎನ್ನುವುದಿಲ್ಲ.

ಉಳಿದಿಬ್ಬರು ಔದಾರ್ಯ, ಬೇಟೆ, ಚದುರಂಗ ಎಂದು ಹಳೆಯದನ್ನೇ ಅರೆಯುತ್ತಿದ್ದಾರೆ. ನನಗೆ ಮಲಿಕರು ಇದುವರೆಗೆ ಕೇಳಿರದ ಒಂದು ಸಂಗತಿ ಬೇಕು. ಅಕ್ಕ, ಅವರು ನಿನ್ನ ಅಂಗಳಕ್ಕೆ ಬಂದು ಕೂತರೆ ಏನು ಹೇಳುತ್ತೀಯೆ? ಬೇಗ ಬರೆ. ನಿನ್ನ ಮಗಳು ನಿಗಾರಳ ಮದುವೆಗೆ ಬಂದಾಗ ನಿಲುವಂಗಿ ತೊಟ್ಟೇ ಬರುತ್ತೇನೆ.

ಬೂ-ನಸ್ರ್

&nbsp;

ಖುಷ್ಕ್‌ರೂದ್, ಸಫರ್ ೨

ನನ್ನ ತಮ್ಮನಿಗೆ, ದೊರೆಗಳ ಗುರುವಿಗೆ, ಮನೆಯಲ್ಲಿದ್ದಾಗ ಪೈಜಾಮದ ಲಾಡಿ ಕಟ್ಟಿಕೊಳ್ಳಲು ಬಾರದಿದ್ದವನಿಗೆ, ಮಾಹಕ್‌ಳ ಸಲಾಂ.

ಕೂತೇ ಓದಿದೆ. ಆಮೇಲೆ ಎದ್ದು ಪಕ್ಕದ ಮನೆಯವರಿಗೆಲ್ಲ ಓದಿ ಹೇಳಿದೆ. ಖರಬೂಜ ಕೊಯ್ದು ಹಂಚಿದೆ. ಸಂತೋಷಕ್ಕೆ ಎರಡು ತುತ್ತು ಜಾಸ್ತಿಯೇ ತಿಂದೆ, ನೋಡು.

ನನ್ನ ಅಂಗಳಕ್ಕೆ ಮಲಿಕರು ಬಂದರೆ ಮೊದಲು ಕೂರಲು ಜಾಗ ಹುಡುಕಬೇಕು. ಚಳಿಗಾಲದಲ್ಲಿ ಬಂದರೆ ಜಾಗವೇ ಇರುವುದಿಲ್ಲ. ಅವರ ಸೈನಿಕರು ಆಗಲೇ ಕೂತಿರುತ್ತಾರಲ್ಲ! ನೀನು ಊರು ಬಿಟ್ಟ ಮೇಲೆ ಶುರುವಾದದ್ದು ಇದು, ನಿನಗೆ ತಿಳಿಯದು. ಪ್ರತಿ ವರ್ಷ ಹಿಮ ಬೀಳುವ ಮೊದಲು ದಳಪತಿ ಯಾರುಕ್ ಇನ್ನೂರು ಸವಾರರನ್ನು ಕರೆದುಕೊಂಡು ಬರುತ್ತಾನೆ. ಬಾಗಿಲ ಮೇಲೆ ಇದ್ದಿಲಲ್ಲಿ ಗೆರೆ ಎಳೆಯುತ್ತಾರೆ. ಎಷ್ಟು ಗೆರೆಯೋ ಅಷ್ಟು ಜನ ನಿನ್ನ ಮನೆಯಲ್ಲಿ, ವಸಂತ ಬರುವವರೆಗೆ. ನನ್ನ ಬಾಗಿಲಿಗೆ ಕಳೆದ ಸಲ ಎಂಟು ಗೆರೆ.

ನಾನು ಹೆಣ್ಣುಮಕ್ಕಳಿಗೆ ಓದು ಹೇಳುವ ಕೋಣೆಯಲ್ಲಿ ಕುದುರೆ ಕಟ್ಟಿದರು. ಕುದುರೆಗಳು ಮಾತ್ರ ಬಹಳ ಗಮನ ಕೊಟ್ಟು ಕೇಳಿದವು! ಒಳಬಾಗಿಲನ್ನು ಒಡೆದು ಒಲೆಗೆ ಹಾಕಿದರು. ಯಾವನೂ ಒಂದು ಸಲವೂ ಹೊರಗಿನಿಂದ ಕೂಗಿ ಒಳಗೆ ಬರಲಿಲ್ಲ.

ದೂರು ಹೇಳಿ ಸುಮ್ಮನಾಗುವವಳಲ್ಲ ನಾನು, ಉಪಾಯವನ್ನೂ ಕೇಳು. ಊರ ಹೊರಗೆ ದಾರಿಹೋಕರು ತಂಗುತ್ತಿದ್ದ ಹಳೆಯ ಸರಾಯಿ ಇದೆಯಲ್ಲ, ನೀನು ಗೋಡೆಯಿಂದ ಬಿದ್ದು ಹಲ್ಲು ಮುರಿದುಕೊಂಡದ್ದು? ಗೋಡೆ ಗಟ್ಟಿಯಾಗಿದೆ, ಸೂರು ಇಲ್ಲ. ಊರವರೇ ಸೂರು ಹಾಕಿ, ಹುಲ್ಲು ತುಂಬಿಸಿ, ದಿನಾ ರೊಟ್ಟಿ ಸುಟ್ಟು ಕೊಟ್ಟರೂ ನಮಗೆ ಲಾಭ. ಮನೆ ನಮ್ಮದಾಗಿ ಉಳಿಯುತ್ತದೆ. ಯಾರುಕ್‌ಗೆ ಹೇಳಿದೆವು. “ಅಪ್ಪಣೆ ಇಲ್ದೆ ನಾನು ಹುಲ್ಲುಕಡ್ಡೀನೂ ಎತ್ತಲ್ಲ” ಅಂದ. ಇದನ್ನು ನಿನ್ನ ಯಾವುದಾದರೂ ಸತ್ತ ದೊರೆಯ ಬಾಯಿಗೆ ತುರುಕು.

ನಿಗಾರಳ ಮದುವೆ ಸ್ವಲ್ಪ ಮುಂದಕ್ಕೆ ಹೋಗಿದೆ. ಹೊಲಿಗೆ ಇನ್ನೂ ಮುಗಿದಿಲ್ಲ. ನಿಲುವಂಗಿಗೆ ಆತುರವಿಲ್ಲ.

ಅಕ್ಕ

&nbsp;

ಶಾದ್ಯಾನ, ಸಫರ್ ೨೮

ಅಕ್ಕ, ನಿನ್ನ ಕೈಗೆ ಮುತ್ತಿಡಬೇಕು! ಸಂಗತಿ ಎಂದರೆ ಇದು!

ನಾಲ್ಕು ದಿನ ಕೂತಲ್ಲಿಂದ ಏಳದೆ ಏಳನೆಯ ಅಧ್ಯಾಯ ಬರೆದೆ. ಶಾಹ್ ಬರ್ಜೀನ್ ಎಂಬ ಪುರಾತನ ದೊರೆ. ಹುಡುಕಲು ಹೋಗಬೇಡ, ಮೊನ್ನೆ ಮಂಗಳವಾರ ಹುಟ್ಟಿದವನು. ಅವನು ವೇಷ ಮರೆಸಿಕೊಂಡು ತಿರುಗುವಾಗ ನಿನ್ನಂಥ ಒಬ್ಬ ವಿಧವೆಯ ಮನೆಯಲ್ಲಿ ತನ್ನ ಸವಾರರನ್ನು ಕಂಡು ನಾಚಿಕೊಂಡು, ಊರೂರಿಗೂ ಒಂದು ಫರ್ಮಾನು ಹೊರಡಿಸುತ್ತಾನೆ. ಕಥೆಯನ್ನು ಸಾಮಾನ್ಯ ಕಾಗದದಲ್ಲಿ ಬರೆದಿದ್ದೇನೆ. ಫರ್ಮಾನನ್ನು ಮಾತ್ರ ಬೇರೆ ಹಾಳೆಯಲ್ಲಿ, ಬರಹಶಾಲೆಯ ಸಮರ್ಖಂದ್ ಕಾಗದದಲ್ಲಿ, ಪದ್ಧತಿ ಪ್ರಕಾರ ಬರೆದೆ. ಉದ್ದನೆಯ ಹಾಳೆ, ಅಗಲ ಅಂಚು, ಸಾಲಿನ ಕೊನೆ ಮೇಲಕ್ಕೆ ಏರುವ ಬರಹ, ತಲೆಯಲ್ಲಿ ದೊರೆಯ ಅಂಕಿತಕ್ಕೆ ಖಾಲಿ ಜಾಗ. ಮಲಿಕರು ಓದುವಾಗ ನಿಜವಾದ ಫರ್ಮಾನನ್ನೇ ಕೈಯಲ್ಲಿ ಹಿಡಿದಂತಾಗಬೇಕು ಎಂದು ನನ್ನ ಆಸೆ. ಅಂಚು ಸ್ವಲ್ಪ ಕೊಳೆಯಾದ ಹಾಳೆ ಸಿಕ್ಕಿತು, ನಿನಗೆ ಕಳಿಸುವ ಪ್ರತಿಗೆ ಅದೇ ಸಾಕು.

ಕೇಳು, ಹೀಗಿದೆ: “ನಮ್ಮ ಕುದುರೆಗೆ ಲಾಯವಿದೆ, ನಮ್ಮ ಗಿಡುಗಕ್ಕೆ ಕೂರುವ ಕೋಲಿದೆ. ನಮ್ಮ ಸೈನಿಕ ಮಾತ್ರ ಕರೆಯದವರ ಮನೆಯಲ್ಲಿ ಮಲಗಬೇಕೆ? ಇದು ಅವನಿಗೂ ಅವಮಾನ, ನಮಗೂ ಅವಮಾನ. ಊರು ಸರಾಯಿಯಲ್ಲಿ ಸೂರು ಕೊಡಲಿ, ಹುಲ್ಲು ಕೊಡಲಿ, ರೊಟ್ಟಿ ಕೊಡಲಿ. ಮನೆ ಕೊಡಬೇಕಾಗಿಲ್ಲ. ಇಂದಿನಿಂದ ಒಳಗಿನವರು ಕರೆಯದೆ ಯಾವ ಸವಾರನೂ ಯಾರ ಹೊಸ್ತಿಲನ್ನೂ ದಾಟತಕ್ಕದ್ದಲ್ಲ.” ಹೇಗಿದೆ? ಬರೆಯುತ್ತ ನನಗೇ ಕಣ್ಣು ತುಂಬಿತು.

ಸರಾಯಿಯ ವಿವರ ಸರಿಯಿದೆಯೇ ನೋಡಿ ತಿಳಿಸು. ಬೇರೆ ಯಾರಿಗೂ ತೋರಿಸಬೇಡ. ಖ್ವಾಜಾ ಮರ್ಜಬಾನ್ ಓದಿದರು. ಅವರಿಗೆ ಬಹಳ ಮೆಚ್ಚಿಗೆಯಾಯಿತು.

ನಿಗಾರ್ ಹೊಲಿಗೆಯಲ್ಲಿ ಇಷ್ಟು ಸೋಮಾರಿ ಎಂದು ಗೊತ್ತಿರಲಿಲ್ಲ! ಅತ್ತೆ ಮನೆಯಲ್ಲಿ ಬೈಸಿಕೊಳ್ಳುತ್ತಾಳೆ ಎಂದು ಹೇಳು.

ಬೂ-ನಸ್ರ್

&nbsp;

ಖುಷ್ಕ್‌ರೂದ್, ರಬೀ ಅಲ್‌-ಅವ್ವಲ್ ೧೭

ತಮ್ಮ, ಈಗ ನೀನು ಕೂತುಕೊಂಡು ಓದು.

ನಿನ್ನ ಕಟ್ಟನ್ನು ತಂದವನು ಅದನ್ನು ಮಸೀದಿಯ ಅಂಗಳದಲ್ಲಿ ಕೊಟ್ಟ. ಶುಕ್ರವಾರ, ಇಡೀ ಊರು ಅಲ್ಲೇ ಇತ್ತು. ಪ್ರವಚನ ಹೇಳುವ ಖತೀಬ್ ಯಾಸೀನ್ ಅವರು ನಿನಗೆ ಗೊತ್ತಲ್ಲ, ಕಣ್ಣು ಮಂಜು, ಗಂಟಲು ಮಾತ್ರ ನಗಾರಿ. ಅವರ ಕೈಗೆ ಆ ಉದ್ದನೆಯ ಹಾಳೆ ಹೋಯಿತು. ಕೈಯಾಡಿಸಿ ನೋಡಿದರು. ಆ ಕಾಗದದ ನುಣುಪು, ಆ ಅಂಚು! ತಟ್ಟನೆ ಎದ್ದು ನಿಂತು, ಮುತ್ತಿಟ್ಟು, ತಲೆಯ ಮೇಲಿಟ್ಟುಕೊಂಡರು. ಅವರು ತಲೆಯ ಮೇಲಿಟ್ಟುಕೊಂಡರೆ ಊರು ಕೂತಿರುತ್ತದೆಯೇ? ಎಲ್ಲರೂ ಎದ್ದರು. ಓದಿಯೇ ಬಿಟ್ಟರು.

ಓದಿ ಮುಗಿಸಿದ್ದೇ ತಡ, ಕಂಬಳಿ ಮಾಡುವ ಬಾಬಾ ಸಲ್ಮಕ್ ಕೇಳಿದರು:

“ಇನ್ನೊಂದ್ಸಲ ಓದ್ರೀ ಸ್ವಾಮಿ. ಹೊಸ್ತಿಲಿನ ಮಾತು.”

ಮೂರು ಸಲ ಓದಿಸಿದರು. ಆಮೇಲೆ ಕುಂಬಾರನೊಬ್ಬ, “ಮೇಲ್ಗಡೆ ಅಂಕಿತ ಎಲ್ಲಿ?” ಅಂದ. ಖತೀಬರಿಗೆ ಸಿಟ್ಟು ಬಂತು. “ಏ ಮಡಿಕೆ! ಮೂಲ ಅರಮನೇಲಿರುತ್ತೆ, ಊರಿಗೆ ಬರೋದು ನಕಲು. ನಕಲಿಗೆ ಯಾವ ಅಂಕಿತನೋ? ನಲವತ್ತು ವರ್ಷದಿಂದ ಓದ್ತಿದೀನಿ, ನಂಗೇ ಹೇಳಿಕೊಡ್ತೀಯಾ?”

ಮಾರನೆಯ ಬೆಳಗ್ಗೆ ಸರಾಯಿಗೆ ಹೋದರೆ ಜಾತ್ರೆಯಂತೆ ಜನ. ಪಾಪ್ಲರ್ ಮರ ಕಡಿದು ತೊಲೆ ಏರಿಸುತ್ತಿದ್ದಾರೆ, ಹೆಂಗಸರು ಮಣ್ಣು ತುಳಿಯುತ್ತಿದ್ದಾರೆ. ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ತೊಲೆಯ ಎರಡು ತುದಿ ಹಿಡಿದಿದ್ದರು! ನಾನು ಮಧ್ಯೆ ನಿಂತು ‘ಇದು ನನ್ನ ತಮ್ಮ ಬರೆದ ಕಥೆ’ ಎಂದು ಹೇಗೆ ಹೇಳಲಿ? ನಾನೂ ಮಣ್ಣು ತುಳಿದೆ.

ಸರಾಯಿಯ ವಿವರ ಸರಿಯಿದೆ. ಕುದುರೆಗೆ ನೀರಿನ ತೊಟ್ಟಿ ಎರಡು ಬೇಕು, ನೀನು ಒಂದೇ ಬರೆದಿದ್ದೆ. ನಾವು ಎರಡು ಕಟ್ಟುತ್ತಿದ್ದೇವೆ.

ಅಕ್ಕ

&nbsp;

ಶಾದ್ಯಾನ, ರಬೀ ಅಲ್‌-ಅವ್ವಲ್ ೨೯

ಅಕ್ಕ, ನಿಲ್ಲಿಸು! ತಕ್ಷಣ ನಿಲ್ಲಿಸು!

ತೊಟ್ಟಿ ಎರಡಂತೆ! ನಿನಗೆ ಹುಚ್ಚು ಹಿಡಿದಿದೆಯೇ? ದೊರೆ ಹೊರಡಿಸದ ಫರ್ಮಾನನ್ನು ಓದಿದರೆ ನಾಲಗೆ, ಬರೆದಿದ್ದರೆ ಕೈ. ಇಲ್ಲಿ ಬರಹಶಾಲೆಯ ಬಾಗಿಲಲ್ಲೇ ಒಬ್ಬ ಕೂತಿದ್ದಾನೆ, ಬಲಗೈ ಮಣಿಕಟ್ಟಿನವರೆಗೆ ಮಾತ್ರ. ಅವನು ಮಾಡಿದ್ದು ಒಂದು ಸುಂಕದ ಚೀಟಿ ಅಷ್ಟೆ.

ನಿಜ ಹೇಳಿಬಿಡುತ್ತೇನೆ. ಖ್ವಾಜಾ ಅಧ್ಯಾಯವನ್ನು ಮೆಚ್ಚಲಿಲ್ಲ. ಮೂರನೆಯ ಸಾಲಿಗೇ ಗೆರೆ ಎಳೆದರು. “ಸೈನ್ಯದ ತಂಟೆಗೆ ಹೋಗೋ ಪುಸ್ತಕಾನ ಮಲಿಕರ ಮುಂದೆ ಇಟ್ರೆ ದಳಪತಿಗಳು ನನ್ನ ಮನೆ ಬಾಗ್ಲಿಗೆ ಬರ್ತಾರೆ. ನೀನು ಬೇಟೆ ಬಗ್ಗೆ ಬರಿ” ಅಂದರು. ನಾನು ಎದುರು ಮಾತಾಡಿದೆ. ಅಂದಿನಿಂದ ಬರಹಶಾಲೆಗೆ ಬರಬೇಡ ಎಂದಿದ್ದಾರೆ. ಒಂದು ತಿಂಗಳಿನಿಂದ ಮನೆಯಲ್ಲಿ ಕೂತಿದ್ದೇನೆ. ನಿನ್ನ ಮುಂದೆ ಸಣ್ಣವನಾಗಬಾರದು ಎಂದು ಸುಳ್ಳು ಬರೆದೆ.

ಆ ಹಾಳೆಯನ್ನು ಸುಡು. ಖತೀಬರಿಗೆ, ಊರಿಗೆ, ಇದು ಕಥೆ ಎಂದು ಹೇಳು. ಪಾಪದ ಮುದುಕನ ಕಣ್ಣಿನ ತಪ್ಪು ಎಂದು ಹೇಳು. ಯಾರುಕ್ ಬರುವುದರೊಳಗೆ ಮಾಡು. ಕಾಲಿಗೆ ಬೀಳುತ್ತೇನೆ ಅಕ್ಕ.

&nbsp;

ಖುಷ್ಕ್‌ರೂದ್, ರಬೀ ಅಲ್‌-ಆಖಿರ್ ೧೦

ತಮ್ಮ,

ನಿನ್ನ ಕಾಗದ ಇವತ್ತು ಬೆಳಗ್ಗೆ ಬಂತು. ಯಾರುಕ್ ಬಂದು ಎರಡು ದಿನವಾಯಿತು.

ಮೊದಲು ಆದದ್ದನ್ನು ಹೇಳಿಬಿಡುತ್ತೇನೆ. ಊರ ಬಾಗಿಲಲ್ಲಿ ಇಡೀ ಊರು ನಿಂತಿತ್ತು. ಬುಟ್ಟಿಗಟ್ಟಲೆ ಬಿಸಿ ರೊಟ್ಟಿ. ಖತೀಬರು ಹಾಳೆ ಎತ್ತಿ ಹಿಡಿದು ಓದಿದರು. ಯಾರುಕ್ ಕುದುರೆಯಿಂದ ಇಳಿದು ಹಾಳೆ ತೆಗೆದುಕೊಂಡು, ಓದಲು ಬಾರದಿದ್ದರೂ ಮೇಲೆ ಕೆಳಗೆ ನೋಡಿದ.

“ಅಂಕಿತ ಇಲ್ವಲ್ಲ?”

“ನಕಲಿಗೆ ಅಂಕಿತ ಇರಲ್ಲ!” ಎಂದು ನಾನೂರು ಬಾಯಿ ಒಟ್ಟಿಗೆ ಹೇಳಿದವು. ಮಕ್ಕಳೂ ಹೇಳಿದರು!

ಯಾರುಕ್ ಇನ್ನೂ ಯೋಚಿಸುತ್ತಿದ್ದ. ಅಷ್ಟರಲ್ಲಿ ಅವನ ಸವಾರರು ಆಗಲೇ ಸರಾಯಿ ಹೊಕ್ಕು ನೋಡಿ ಬಂದಿದ್ದರು. ಅವರಲ್ಲೊಬ್ಬ ಹೇಳಿದ್ದು ಕೇಳು: “ಇಲ್ಲೇ ಚೆನ್ನಾಗಿದೆ ದಳಪತಿ. ಮನೇಲಾದ್ರೆ ಊಟ ಮಾಡೋವಾಗೆಲ್ಲ ಆ ಹೆಂಗಸ್ರು ಶಾಪ ಹಾಕ್ತಾ ನೋಡ್ತಿರ್ತಾರೆ, ತುತ್ತು ಇಳಿಯಲ್ಲ.” ಎಲ್ಲರೂ ನಕ್ಕರು, ಯಾರುಕ್ ಕೂಡ. ಅವನು ಅಲ್ಲೇ ಇಳಿದುಕೊಂಡ. ಆದರೆ ದಡ್ಡನಲ್ಲ. ‘ಇದು ನಿಜವೇ’ ಎಂದು ಮಲಿಕರನ್ನು ಕೇಳಲು ಅವತ್ತೇ ಒಬ್ಬ ಸವಾರನನ್ನು ಅಟ್ಟಿದ.

ಅದಕ್ಕೂ ಐದು ದಿನ ಮೊದಲೇ ನಾನು ಬಾಬಾ ಸಲ್ಮಕ್ ಜೊತೆ ಐದು ಜನ ಹಿರಿಯರನ್ನು ಶಾದ್ಯಾನಕ್ಕೆ ಕಳಿಸಿದ್ದೇನೆ. ಬೇಡಲು ಅಲ್ಲ. ಮಲಿಕರಿಗೆ ಕೃತಜ್ಞತೆ ಹೇಳಿ ಬರಲು. ತುಂಬಿದ ಸಭೆಯಲ್ಲಿ, ಎಲ್ಲರ ಮುಂದೆ.

ಈಗ ನನ್ನ ಸುಳ್ಳು. ನೀನು ಒಂದು ಹೇಳಿದ್ದೀಯೆ, ನಾನು ಎರಡು ಹೇಳಿದ್ದೆ.

ಖತೀಬರ ಕಣ್ಣಿನದೇನೂ ತಪ್ಪಿಲ್ಲ. ಕಥೆಯ ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಫರ್ಮಾನಿನ ಹಾಳೆಯನ್ನು ಮಾತ್ರ ಅವರ ಕೈಗೆ ಕೊಟ್ಟವಳು ನಾನು. ಬೇಕೆಂದೇ ಕೊಟ್ಟೆ.

ಎರಡನೆಯದು: ಮದುವೆ ಮುಂದಕ್ಕೆ ಹೋಗಲಿಲ್ಲ, ಮುರಿಯಿತು. ಕಳೆದ ಚಳಿಗಾಲ ಆ ಎಂಟು ಜನ ಇದ್ದಷ್ಟು ಕಾಲ ನಿಗಾರ್ ಕಾಳಿನ ಕೋಣೆಯಲ್ಲಿ ಒಳಗಿನಿಂದ ಅಗುಳಿ ಹಾಕಿಕೊಂಡು ಕೂತಿದ್ದಳು. ನಾನು ಹೊರಗೆ ಬಾಗಿಲಿಗೆ ಒರಗಿ ಕೂತಿದ್ದೆ. ನೂರಾ ಹತ್ತು ದಿನ. ಏನೂ ಆಗಲಿಲ್ಲ. ಆದರೆ ‘ಏನೂ ಆಗಲಿಲ್ಲ’ ಎಂದು ಊರೂರು ಹೇಳಿಕೊಂಡು ತಿರುಗಬೇಕಾದರೆ ಅದೇ ಆದಂತಲ್ಲವೇ? ಗಂಡಿನ ಕಡೆಯವರಾದ ಬಣ್ಣಗಾರರ ಮನೆಯವರು ಉಂಗುರ ವಾಪಸು ಕಳಿಸಿದರು. ಅವಳು ಅಳಲಿಲ್ಲ. “ಅಮ್ಮ, ಈ ವರ್ಷ ಬಂದ್ರೆ ನಾನು ಕೋಣೇಲಿ ಕೂರಲ್ಲ, ಬಾವಿಗೆ ಹಾರ್ತೀನಿ” ಅಂದಳು. ನಗುತ್ತ ಅಂದಳು. ಅದಕ್ಕೇ ನನಗೆ ಭಯವಾದದ್ದು.

ನೀನು ಪುಸ್ತಕದ ಮಾತು ಬರೆದಾಗ ನನಗಿದ್ದದ್ದು ಒಂದೇ ಲೆಕ್ಕ. ನೌರೋಜಿಗೆ ನಿನ್ನ ಪುಸ್ತಕ ಓದಿಸುತ್ತಾರೆ. ಸವಾರರು ಬರುವುದು ಅದಕ್ಕೆ ನಾಲ್ಕು ತಿಂಗಳು ಮೊದಲು.

ನಿನ್ನ ಕೈಯನ್ನು ಪಣಕ್ಕಿಟ್ಟೆ. ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಕೊಡುತ್ತಿರಲಿಲ್ಲ. ಬೈಯುವುದಾದರೆ ಬೈ. ಓಡಿಹೋಗುವುದಾದರೆ ಈಗಲೇ ಓಡು. ಯಾರಾದರೂ ಕೇಳಿದರೆ ಹಾಳೆಯನ್ನು ನಾನು ಕದ್ದೆ ಎಂದು ಹೇಳು.

ಮಾಹಕ್

&nbsp;

ಶಾದ್ಯಾನ, ರಬೀ ಅಲ್‌-ಆಖಿರ್ ೧೫

ಅಕ್ಕ! ಅಕ್ಕ! ಅಕ್ಕ!

ನಿನ್ನಿಂದ ಕಾಗದವೇ ಇಲ್ಲ. ಸುಟ್ಟೆಯೋ ಇಲ್ಲವೋ ತಿಳಿಯದೆ ಇಷ್ಟು ದಿನ ಒದ್ದಾಡಿದೆ. ಈಗ ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಕಿವಿ ಹಿಂಡಬೇಡ. ಕೈ ಇನ್ನೂ ಮೈಗೆ ಅಂಟಿಕೊಂಡೇ ಇದೆ!

ನಿನ್ನೆ ಮಲಿಕರು ಅಹವಾಲು ಕೇಳುವ ದಿನ. ಕಾಯುವುದು ನನ್ನಿಂದ ಆಗಲಿಲ್ಲ. ಆ ಪಾಪದ ಖತೀಬರ ನಾಲಗೆ ಹೋಗುವ ಮೊದಲು ನಾನೇ ಒಪ್ಪಿಕೊಳ್ಳೋಣ ಎಂದು ತಪ್ಪೊಪ್ಪಿಗೆ ಬರೆದು ಅಂಗಿಯ ತೋಳಿನೊಳಗೆ ಸಿಕ್ಕಿಸಿಕೊಂಡು ಹೋದೆ. ಇನ್ನೇನು ಮುಂದೆ ಹೆಜ್ಜೆ ಇಡಬೇಕು, ದ್ವಾರಪಾಲಕ ಕೂಗಿದ: “ಖುಷ್ಕ್‌ರೂದಿನ ಹಿರಿಯರು!” ತಿರುಗಿ ನೋಡುತ್ತೇನೆ, ನಮ್ಮ ಬಾಬಾ ಸಲ್ಮಕ್! ದಾರಿಯ ಧೂಳು ಹಾಗೇ ಇದೆ, ಹೆಗಲ ಮೇಲೆ ಒಂದು ಬಿಳಿ ಕಂಬಳಿ. ನಾನು ಕಂಬದ ಹಿಂದಕ್ಕೆ ಸರಿದೆ.

“ಏನು ಕಷ್ಟ ತಾತ?” ಎಂದು ಮಲಿಕರು ಕೇಳಿದರು.

“ಕಷ್ಟ ಹೇಳೋಕೆ ಬಂದಿಲ್ಲ ದೊರೆ. ನಿಮ್ಮ ಫರ್ಮಾನಿಗೆ ಇಡೀ ಊರು ಅಡ್ಡಬಿದ್ದಿದೆ ಅಂತ ಹೇಳೋಕೆ ಬಂದ್ವಿ.”

“ಯಾವ ಫರ್ಮಾನು?”

ಮುದುಕರು ಗಂಟಲು ಸರಿಮಾಡಿಕೊಂಡು ಇಡೀ ಫರ್ಮಾನನ್ನು ಬಾಯಿಪಾಠ ಒಪ್ಪಿಸಿದರು ಅಕ್ಕ! ಒಂದು ಅಕ್ಷರ ತಪ್ಪಿಲ್ಲ. ‘ನಮ್ಮ ಕುದುರೆಗೆ ಲಾಯವಿದೆ’ಯಿಂದ ‘ದಾಟತಕ್ಕದ್ದಲ್ಲ’ದವರೆಗೆ. ನನ್ನ ಮಾತು, ಆ ಹಲ್ಲಿಲ್ಲದ ಬಾಯಲ್ಲಿ, ತುಂಬಿದ ಸಭೆಯಲ್ಲಿ! ಮುಗಿದಾಗ ಹಿಂದಿನ ಸಾಲಿನ ಬಡಪಾಯಿಗಳೆಲ್ಲ “ದೊರೆ ನೂರ್ಕಾಲ ಬಾಳ್ಲಿ!” ಎಂದು ಕೂಗಿದರು. ಬೇರೆ ಊರಿನವರೂ ಕೂಗಿದರು. ಒಬ್ಬಳು ಹೆಂಗಸು, “ನಮ್ಮೂರಿಗೆ ಯಾವಾಗ ಬರುತ್ತೆ ದೊರೆ ಈ ಫರ್ಮಾನು?” ಎಂದು ಕೇಳಿಯೇ ಬಿಟ್ಟಳು.

ಮಲಿಕರು ನಿಧಾನವಾಗಿ ಖ್ವಾಜಾ ಮರ್ಜಬಾನ್ ಕಡೆ ತಿರುಗಿದರು.

“ಇದನ್ನ ನಾವು ಹೊರಡಿಸಿದ್ವಾ?”

ಖ್ವಾಜಾ ಮುಖ ನೋಡಬೇಕಿತ್ತು ನೀನು. ಇಲ್ಲ ಎಂದರೆ, ತನ್ನ ಬರಹಶಾಲೆಯ ಕಾಗದದಲ್ಲಿ ತನಗೆ ಗೊತ್ತಿಲ್ಲದೆ ಫರ್ಮಾನು ಹೋಗಿದೆ ಎಂದಾಯಿತು. ಹೋಗುವುದು ಅವರ ತಲೆಯೇ. ಗಡ್ಡ ಎರಡು ಸಲ ಅಲ್ಲಾಡಿತು.

“ಅಪ್ಪಣೆ ತಮ್ಮದೇ ಪ್ರಭು.”

ಅಷ್ಟು ಹೊತ್ತಿಗೆ ಒಬ್ಬ ಸವಾರ ಬೂಟಿನ ಕೆಸರಿನ ಸಮೇತ ಒಳಗೆ ನುಗ್ಗಿದ. ಯಾರುಕ್ ಕಳಿಸಿದವನು. “ಅಂಕಿತ ಇಲ್ಲದ ಒಂದು ಫರ್ಮಾನು ಸಿಕ್ಕಿದೆ, ಪಾಲಿಸ್ಬೇಕಾ ಬೇಡ್ವಾ ಅಂತ ದಳಪತಿ ಕೇಳ್ತಾರೆ.” ನನ್ನ ತೋಳಿನ ಕಾಗದ ಬೆವರಿಗೆ ಒದ್ದೆಯಾಗಿತ್ತು.

ಮಲಿಕರು ಅವನನ್ನು ನೋಡಲೇ ಇಲ್ಲ. ಬಾಬಾ ಸಲ್ಮಕ್‌ರನ್ನು ಕೇಳಿದರು: “ಆ ಸರಾಯಿ ಸೋರುತ್ತಾ ತಾತ? ನನ್ನ ಹುಡುಗ್ರಿಗೆ ಹುಲ್ಲು ಸಾಕಾಗಿದ್ಯಾ?”

“ಹುಲ್ಲು ಮೊಳಕಾಲುದ್ದ ಹಾಸಿದೀವಿ ದೊರೆ. ನೀರಿನ ತೊಟ್ಟಿ ಎರಡು.”

ಆಗ ಮಲಿಕರು ನಕ್ಕರು. ಹತ್ತೊಂಬತ್ತು ವರ್ಷದ ನಗು. ಶಾಯಿ ತರಿಸಿ, ಮುದುಕರು ಹೇಳಿದಂತೆ ಬರೆಸಿ, ತಲೆಯ ಖಾಲಿ ಜಾಗದಲ್ಲಿ ಎಲ್ಲರ ಕಣ್ಣೆದುರೇ ಅಂಕಿತ ಹಾಕಿ ಸವಾರನ ಕೈಗೆ ಕೊಟ್ಟರು!

ಆ ಖತೀಬರ ಮಂಜುಗಣ್ಣಿಗೆ ನನ್ನ ಸಾವಿರ ಸಲಾಂ ಹೇಳು.

ಬೂ-ನಸ್ರ್

&nbsp;

ಶಾದ್ಯಾನ, ರಬೀ ಅಲ್‌-ಆಖಿರ್ ೨೨

ಅಕ್ಕ,

ಹತ್ತನೆಯ ತಾರೀಖಿನ ನಿನ್ನ ಕಾಗದ ನಿನ್ನೆ ಬಂತು. ನಾನು ಹಾಗೆ ಕುಣಿಯುತ್ತ ಬರೆದಾಗ ನನಗೆ ಇದೊಂದೂ ಗೊತ್ತಿರಲಿಲ್ಲ.

ನಿಗಾರ್ ಸೋಮಾರಿ ಎಂದು ಬರೆದಿದ್ದೆ. ಆ ಸಾಲು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ವಿಧವೆಯೊಬ್ಬಳ ಕಷ್ಟವನ್ನು ನಾಲ್ಕು ದಿನ ಅಲಂಕಾರ ಮಾಡಿ ಬರೆದವನಿಗೆ ಆ ಮನೆಯ ಕಾಳಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಲು ತೋಚಲಿಲ್ಲ. ನೀನು ನನ್ನನ್ನು ಕೇಳದೆ ಮಾಡಿದ್ದಕ್ಕೆ ಒಂದು ದಿನ ಪೂರ್ತಿ ಸಿಟ್ಟಿತ್ತು. ಈಗ ಇಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ನಿಜ.

ಇವತ್ತು ಮಲಿಕರು ನನ್ನೊಬ್ಬನನ್ನೇ ತೋಟಕ್ಕೆ ಕರೆಸಿದರು. ಖ್ವಾಜಾ ಹೇಳಿರಬೇಕು. ಏಳನೆಯ ಅಧ್ಯಾಯ ಮಲಿಕರ ಕೈಯಲ್ಲಿತ್ತು, ಆ ಗೆರೆ ಎಳೆದ ಪ್ರತಿ.

“ಯಾರಯ್ಯ ಈ ಶಾಹ್ ಬರ್ಜೀನ್? ನಮ್ಮ ಗುರುಗಳು ಇವನ ಹೆಸರೇ ಹೇಳಿಲ್ವಲ್ಲ.”

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. “ಅಂಥವನು ಯಾವತ್ತೂ ಇರ್ಲಿಲ್ಲ ಪ್ರಭು” ಅಂದೆ.

“ಹಾಗಾದ್ರೆ ಇದನ್ನ ಮೊದಲು ಮಾಡಿದೋನು ನಾನೇ ಅಂತಾಯ್ತು” ಅಂದು ಅಧ್ಯಾಯವನ್ನು ಹರಿದುಹಾಕಿದರು. ಇಲ್ಲದ ದೊರೆಗೆ ಹೆಸರು ಯಾಕೆ, ಫರ್ಮಾನು ಸವಾರರು ಇಳಿಯುವ ಏಳು ಊರಿಗೂ ಹೋಗಲಿ, ಎಂದರು. ನಾನು ಬರೆದುದರಲ್ಲಿ ಅತ್ಯುತ್ತಮವಾದದ್ದು ತುಂಡು ತುಂಡಾಗಿ ಬಿದ್ದಿತ್ತು, ನನಗೆ ಕುಣಿಯಬೇಕು ಎನಿಸುತ್ತಿತ್ತು. ನೌರೋಜಿಗೆ ಬೇಟೆಯ ಪುಸ್ತಕದವನು ಗೆಲ್ಲುತ್ತಾನೆ. ಗೆಲ್ಲಲಿ.

ಹೊರಡುವಾಗ ಕೇಳಿದರು: “ನೀನು ಮನೇಲಿ ಕೂತು ಬರೆಯೋನು. ಇದೆಲ್ಲ ನಿಂಗೆ ಹೇಳಿದ್ದು ಯಾರು?”

“ನಮ್ಮಕ್ಕ.”

“ಅವ್ರಿಗೆ ಇನ್ನೇನು ಹೇಳೋದಿದೆ, ಕೇಳಿ ಬರೆಸ್ಕೋ.”

ಕೇಳಿದ್ದೇನೆ ಅಕ್ಕ. ಬರೆ. ಈ ಸಲ ಯಾವ ಸತ್ತ ದೊರೆಯೂ ಬೇಡ.

ನಿನ್ನ ತಮ್ಮ

&nbsp;

ಖುಷ್ಕ್‌ರೂದ್, ಜುಮಾದಾ ಅಲ್‌-ಊಲಾ ೧೨

ನನ್ನ ಬಂಗಾರದಂಥ ತಮ್ಮನಿಗೆ,

ಮಲಿಕರು ಕೇಳಿದ್ದಕ್ಕೆ ಉತ್ತರ ಬೇರೆ ಕಾಗದದಲ್ಲಿದೆ. ಹನ್ನೆರಡು ಪುಟ. ಕಾಲುವೆಯ ನೀರು ಹಂಚುವವನ ವಿಷಯವನ್ನು ಅವರಿಗೆ ಮೊದಲು ಓದು. ಭಾಷೆ ತಿದ್ದಬೇಡ, ನಾನು ಬರೆದ ಹಾಗೇ ಇರಲಿ.

ಅಂಕಿತ ಹಾಕಿದ ಹಾಳೆ ಬಂದ ದಿನ ಖತೀಬರು ಅದನ್ನು ತಲೆಯ ಮೇಲಿಟ್ಟುಕೊಂಡು ಊರೆಲ್ಲ ಸುತ್ತಿದರು. “ಮೂಲಾನೇ ಕಳ್ಸಿದಾರೆ ನೋಡ್ರೋ!” ಎಂದು ಒಂದೇ ಸಮನೆ ಕೂಗು. ಅವರಿಗೆ ನಾನು ಏನೂ ಹೇಳಿಲ್ಲ, ನೀನೂ ಹೇಳಬೇಡ.

ಬಣ್ಣಗಾರರ ಮನೆಯವರು ಮತ್ತೆ ಉಂಗುರ ಹಿಡಿದುಕೊಂಡು ಬಂದಿದ್ದರು. ನಿಗಾರ್ ಅವರಿಗೆ ಒಣ ಹಿಪ್ಪುನೇರಳೆ, ಬಾದಾಮಿ ಕೊಟ್ಟು ಚೆನ್ನಾಗಿ ಉಪಚರಿಸಿ, ಉಂಗುರವನ್ನು ಅವರ ಕೈಗೇ ಕೊಟ್ಟು ಕಳಿಸಿದಳು.

ನಿನ್ನೆ ಆದದ್ದನ್ನು ಹೇಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ. ಮಧ್ಯಾಹ್ನ, ಹಿಮ ಬೀಳುತ್ತಿತ್ತು. ನಾವಿಬ್ಬರೇ ಊಟಕ್ಕೆ ಕೂತಿದ್ದೆವು. ಬಾಗಿಲು ತಟ್ಟಿದ ಸದ್ದು. ನಾವು ಮುಖ ಮುಖ ನೋಡಿಕೊಂಡೆವು.

“ಯಾರು?” ಅಂದೆ.

“ನಾನು ತಾಯಿ, ಸಾಂಜಾರ್. ಹೋದ ಸಲ ನಿಮ್ಮನೇಲಿದ್ದೆ. ನನ್ನ ಸಾಣೆಕಲ್ಲು ಇಲ್ಲೇ ಬಿಟ್ಟೋಗಿದೀನಿ. ತಗೊಳ್ಲಾ?”

ಎಂಟು ಜನರಲ್ಲಿ ಅವನೇ ನಮ್ಮ ಬಾಗಿಲು ಒಡೆದವನು. ಎದ್ದು ಕಲ್ಲು ಹುಡುಕಿ ಕೊಟ್ಟು ಕಳಿಸಿಬಿಡೋಣ ಎಂದು ಏಳುತ್ತಿದ್ದೆ. ನಿಗಾರ್ ನನ್ನ ಕೈ ಹಿಡಿದು ಕೂರಿಸಿದಳು. ಕೂತಲ್ಲಿಂದಲೇ, ಸ್ವಲ್ಪವೂ ದನಿ ಏರಿಸದೆ ಹೇಳಿದಳು:

“ಈಗ ಊಟಕ್ಕೆ ಕೂತಿದೀವಿ. ನಾಳೆ ಬಾ.”

 
ಇನ್ನೂರು ಸವಾರರಲ್ಲೊಬ್ಬ, ಸೊಂಟದಲ್ಲಿ ಕತ್ತಿ, ಬೀಳುವ ಹಿಮದಲ್ಲಿ ನಿಂತು, ತನ್ನದೇ ಕಲ್ಲು ಕೇಳುತ್ತಿದ್ದಾನೆ. ಬಾಗಿಲಿಗೆ ಅಗುಳಿ ಕೂಡ ಹಾಕಿರಲಿಲ್ಲ.

“ಆಗ್ಲಿ” ಅಂದ.

ಹೋದ, ತಮ್ಮ! ಅವನ ಬೂಟಿನ ಸದ್ದು ದೂರ ಹೋಗುವುದನ್ನು ನಾವಿಬ್ಬರೂ ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳಿದೆವು. ಆಮೇಲೆ ನಿಗಾರ್ ನಕ್ಕಳು. ನಾನೂ ನಕ್ಕೆ. ನಕ್ಕು ನಕ್ಕು ಅತ್ತೆವು, ಸಾರು ಆರಿ ತಣ್ಣಗಾಯಿತು, ಮತ್ತೆ ಬಿಸಿಮಾಡಿಕೊಂಡು ಊಟ ಮಾಡಿದೆವು.

ಇವತ್ತು ಬೆಳಗ್ಗೆ ಬಂದಿದ್ದ. ನಿಗಾರ್ ಹೊಸ್ತಿಲಿನ ಈಚೆ ನಿಂತು ಕಲ್ಲು ಕೊಟ್ಟಳು, ಅವನು ಆಚೆ ನಿಂತು ತೆಗೆದುಕೊಂಡ.

ಮಾಹಕ್